ಲಿನಕ್ಸ್ ಸರ್ವರ್ ನಿಗಾ: ಹೆಬ್ಬೂರಿನ ಕೌಂಟರ್‌ನಿಂದ ಕರ್ನಲ್‌ವರೆಗೆ

ಲಿನಕ್ಸ್ ಮೇಲೆ ನಡೆಯುವ ಸರ್ವರ್ ಎಷ್ಟು ಕೆಲಸ ಮಾಡುತ್ತಿದೆ, ಕೆಲಸ ಎಲ್ಲಿ ಕಾದು ಕೂತಿದೆ, ಅದರ ನೆಟ್‌ವರ್ಕ್ ತಂತಿಯಲ್ಲಿ ಏನು ಬರುತ್ತಿದೆ ಏನು ಹೋಗುತ್ತಿದೆ ಎಂಬುದನ್ನು ಅಳೆದು ದಾಖಲಿಸುವ ಕೆಲಸಕ್ಕೆ ಸರ್ವರ್ ನಿಗಾ ಅಥವಾ ಮಾನಿಟರಿಂಗ್ ಎಂದು ಹೆಸರು. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಈ ನಾಲ್ಕು ಅದರ ಹೊಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ತೊಡಗಿದ ಲಿನಕ್ಸ್ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಇಂದು ಸರ್ವರ್‌ಗಳ ಲೋಕದ ಬಹುಪಾಲನ್ನು ಹಿಡಿದಿದೆ. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಮೊದಲ 500 ಸೂಪರ್‌ಕಂಪ್ಯೂಟರುಗಳೆಲ್ಲವೂ ಲಿನಕ್ಸ್ ಯಂತ್ರಗಳೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ಹಾಗೆಯೇ.

ಕರ್ನಾಟಕದ ಹಳ್ಳಿಯವರಿಗೆ ಈ ವಿದ್ಯೆಯ ಪರಿಚಯವಾಗುವುದು ಅದು ಸೋತಾಗ. ‘ಸರ್ವರ್ ಇಲ್ಲ’, ‘ಸರ್ವರ್ ಡೌನ್’, ‘ಸರ್ವರ್ ಬಿಜಿ, ಮಧ್ಯಾಹ್ನ ಬನ್ನಿ’. ಕರೆಂಟ್ ಹೋಗುತ್ತದೆ, ಬರುತ್ತದೆ. ಮಳೆ ಹೋಗುತ್ತದೆ, ಬರುತ್ತದೆ. ಈಗ ಸರ್ವರ್ ಕೂಡ ಹೋಗುತ್ತದೆ, ಬರುತ್ತದೆ. ಕನ್ನಡದಲ್ಲಿ ಇಷ್ಟು ಬೇಗ ಮನೆಮಾತಾದ ಇನ್ನೊಂದು ಕಂಪ್ಯೂಟರ್ ಪದ ಇರಲಾರದು. ತೊಂದರೆ ಏನೆಂದರೆ ಈ ಒಂದು ಮಾತಿನ ಹಿಂದೆ ಹತ್ತು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಅವನ್ನು ಒಂದೊಂದಾಗಿ ಬಿಡಿಸುವುದೇ ನಿಗಾದ ಕಸುಬು.

ಹೋಬಳಿಯಿಂದ ದತ್ತಾಂಶ ಕೇಂದ್ರಕ್ಕೆ

ಹೆಬ್ಬೂರು ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ. ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ರಸ್ತೆಯಲ್ಲಿದೆ. ಹೋಬಳಿ ಎಂದ ಮೇಲೆ ನಾಡಕಚೇರಿ ಇದ್ದೇ ಇರುತ್ತದೆ. ಜಾತಿ, ಆದಾಯ, ವಾಸಸ್ಥಳ ದೃಢೀಕರಣ ಪತ್ರಗಳಿಗೂ ಪಿಂಚಣಿ ಅರ್ಜಿಗಳಿಗೂ ಜನ ಹೋಗಿ ನಿಲ್ಲುವ ಜಾಗ ಅದು. 2012ರಲ್ಲಿ ನಾಡಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. ಅದಕ್ಕೂ ಮುಂಚೆ, ಈ ಶತಮಾನದ ಮೊದಲ ವರ್ಷಗಳಲ್ಲಿ, ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದು, ತಾಲ್ಲೂಕು ಕಚೇರಿಯ ಕೌಂಟರ್‌ನಲ್ಲಿ 15 ರೂಪಾಯಿಗೆ ಒಂದು ಪ್ರತಿ ಕೊಡಲು ತೊಡಗಿತ್ತು. 2012ರ ಏಪ್ರಿಲ್‌ನಲ್ಲಿ ರಾಜ್ಯದೆಲ್ಲೆಡೆ ಜಾರಿಗೆ ಬಂದ ಸಕಾಲ ಕಾಯ್ದೆ ಅರ್ಜಿಗೆ 15 ಅಂಕಿಗಳ ಸಂಖ್ಯೆಯನ್ನೂ ವಿಲೇವಾರಿಗೆ ದಿನಗಳ ಗಡುವನ್ನೂ ಕೊಟ್ಟಿತು. ಅರ್ಜಿ ಇಷ್ಟು ದಿನದೊಳಗೆ ಮುಗಿಯಬೇಕೆಂಬ ಈ ಸರ್ಕಾರಿ ಕಟ್ಟಳೆಗೂ ಪುಟ ಇಷ್ಟು ಸೆಕೆಂಡಿನೊಳಗೆ ತೆರೆಯಬೇಕೆಂದು ಸರ್ವರ್ ನೋಡಿಕೊಳ್ಳುವವರು ಹಾಕಿಕೊಳ್ಳುವ ಗುರಿಗೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಇಂಥ ಸೇವೆಗಳೆಲ್ಲ ಲಿನಕ್ಸ್ ಮೇಲೆಯೇ ನಡೆಯುತ್ತವೆ ಎಂದಲ್ಲ. ಭೂಮಿಯ ಮೊದಲ ಪೀಳಿಗೆ ವಿಂಡೋಸ್ ಯಂತ್ರಗಳ ಮೇಲಿತ್ತು. ಆದರೆ ದಾರಿ ಎಲ್ಲಕ್ಕೂ ಒಂದೇ. ಹೋಬಳಿಯ ಕೌಂಟರ್‌ನಲ್ಲಿ ಒತ್ತಿದ ಗುಂಡಿ ಕಚೇರಿಯ ಸ್ವಿಚ್ ದಾಟಿ, ಹೊರಗಿನ ತಂತಿ ಹಿಡಿದು, ತುಮಕೂರಿನ ಮೂಲಕ ಬೆಂಗಳೂರಿನ ದತ್ತಾಂಶ ಕೇಂದ್ರ ತಲುಪಿ, ಅಲ್ಲಿ ವೆಬ್ ಸರ್ವರ್‌ನಿಂದ ಡೇಟಾಬೇಸ್‌ಗೆ ಹೋಗಿ, ಉತ್ತರ ಹೊತ್ತು ಅದೇ ದಾರಿಯಲ್ಲಿ ವಾಪಸು ಬರಬೇಕು. ಎಲ್ಲಿ ನಿಂತರೂ ಕೌಂಟರ್‌ನಲ್ಲಿ ಕಾಣುವುದು ಪರದೆಯ ಮೇಲೆ ಸುತ್ತುವ ಅದೇ ಚಕ್ರ.

ಎಲ್ಲಿ ನಿಂತಿತು ಎಂದು ಮೊದಲ ಸುಳಿವು ಕೊಡುವುದು ಪಿಂಗ್. ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಮು ಅದು, ‘ಇದ್ದೀಯಾ?’ ಎಂದು ಕೂಗಿ, ‘ಇದ್ದೀನಿ’ ಎಂಬ ಉತ್ತರಕ್ಕೆ ಎಷ್ಟು ಹೊತ್ತಾಯಿತೆಂದು ಎಣಿಸುತ್ತದೆ. ಇಲ್ಲೊಂದು ಲೆಕ್ಕ ಹಾಕಿ ನೋಡಬಹುದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೆಬ್ಬೂರಿಗೂ ಬೆಂಗಳೂರಿಗೂ ನಡುವೆ 80 ಕಿಲೋಮೀಟರ್ ತಂತಿ ಇದೆ ಎಂದು ಹಿಡಿದರೆ ಹೋಗಿ ಬರಲು 0.8 ಮಿಲಿಸೆಕೆಂಡ್ ಸಾಕು. ನಡುವಿನ ರೂಟರ್‌ಗಳಿಗೆ ಇನ್ನೊಂದು ನಾಲ್ಕು ಮಿಲಿಸೆಕೆಂಡ್ ಬಿಟ್ಟುಕೊಡಿ. ಪಿಂಗ್ 80 ಮಿಲಿಸೆಕೆಂಡ್ ತೋರಿಸಿದರೆ ದೂರ ಅದಕ್ಕೆ ಕಾರಣವಲ್ಲ: ಒಂದೋ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಂಡುಗಳು, ಯಾವುದೋ ಊರು ಸುತ್ತಿಕೊಂಡು ಬರುತ್ತಿವೆ, ಇಲ್ಲವೇ ಎಲ್ಲೋ ಸರದಿಯಲ್ಲಿ ನಿಂತಿವೆ. ಎಲ್ಲಿ ಎಂದು ತಿಳಿಯಲು ವ್ಯಾನ್ ಜೇಕಬ್‌ಸನ್ 1987ರಲ್ಲಿ ಬರೆದ ಟ್ರೇಸ್‌ರೂಟ್ ಇದೆ. ಪಿಂಗ್ ಮತ್ತು ಟ್ರೇಸ್‌ರೂಟ್ ಎರಡನ್ನೂ ಸೇರಿಸಿದ ಎಂಟಿಆರ್ ಎಂಬ ಸಾಧನ ದಾರಿಯ ಪ್ರತಿ ನಿಲುಗಡೆಯಲ್ಲೂ ಎಷ್ಟು ಪ್ಯಾಕೆಟ್ ಕಳೆದವು ಎಂದು ಸಾಲಾಗಿ ತೋರಿಸುತ್ತದೆ.

ಯಂತ್ರದೊಳಗಿನ ನೋಟ

ಪಿಂಗ್ ಸರಿಯಾಗಿದ್ದೂ ಪುಟ ತೆರೆಯದಿದ್ದರೆ ಯಂತ್ರದೊಳಗೆ ಇಳಿಯಬೇಕು. ಲಿನಕ್ಸ್‌ನಲ್ಲಿ ಇದು ಸುಲಭ. ಕರ್ನಲ್ ತನ್ನ ಲೆಕ್ಕಗಳನ್ನೆಲ್ಲ ಪ್ರಾಕ್ ಎಂಬ ಡೈರೆಕ್ಟರಿಯಲ್ಲಿ ಸಾದಾ ಅಕ್ಷರದ ಫೈಲ್‌ಗಳ ರೂಪದಲ್ಲಿ ತೆರೆದಿಡುತ್ತದೆ. ಈ ಫೈಲ್‌ಗಳು ಡಿಸ್ಕಿನ ಮೇಲೆ ಇಲ್ಲ. ಯಾರಾದರೂ ಓದಲು ಕೇಳಿದ ಕ್ಷಣದಲ್ಲಿ ಕರ್ನಲ್ ಬರೆದು ಕೊಡುತ್ತದೆ. ಟಾಪ್, ಫ್ರೀ, ವಿಎಂಸ್ಟ್ಯಾಟ್ ಮುಂತಾದ ಹೆಸರಾಂತ ಸಾಧನಗಳೆಲ್ಲ ಇದೇ ಪುಸ್ತಕ ಓದಿ ಬೇರೆ ಬೇರೆ ದನಿಯಲ್ಲಿ ಹೇಳುತ್ತವೆ, ಅಷ್ಟೆ.

ಎಲ್ಲರೂ ಮೊದಲು ನೋಡುವುದು ಲೋಡ್ ಆವರೇಜ್. ಅಪ್‌ಟೈಮ್ ಎಂದು ಬರೆದು ಎಂಟರ್ ಒತ್ತಿದರೆ ಕೊನೆಯಲ್ಲಿ ಮೂರು ಅಂಕಿ ಬರುತ್ತವೆ, ಉದಾಹರಣೆಗೆ 9.20, 5.10, 2.05. ಕಳೆದ 1, 5, 15 ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ನಡೆಯುತ್ತಿದ್ದವು ಅಥವಾ ನಡೆಯಲು ಕಾದಿದ್ದವು ಎಂಬುದು ಅದರ ಅರ್ಥ. 4 ಕೋರ್‌ಗಳ ಯಂತ್ರದಲ್ಲಿ ಈ ಸಾಲು ಕಂಡರೆ ಹದಿನೈದು ನಿಮಿಷದ ಹಿಂದೆ ಆರಾಮಾಗಿದ್ದ ಯಂತ್ರ ಈಗ ತನ್ನ ಶಕ್ತಿಯ ಎರಡರಷ್ಟಕ್ಕಿಂತ ಹೆಚ್ಚು ಹೊತ್ತಿದೆ, ಮತ್ತು ಒತ್ತಡ ಇನ್ನೂ ಏರುತ್ತಿದೆ. ಮೂರು ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕು; ಹಾಗೆ ಓದಿದಾಗ ಅದು ಕಥೆಯಾಗುತ್ತದೆ.

ಈ ಅಳತೆ 1970ರ ದಶಕದ ಆರಂಭದ ಟೆನೆಕ್ಸ್ ವ್ಯವಸ್ಥೆಯಷ್ಟು ಹಳೆಯದು. ಲಿನಕ್ಸ್ ಅದಕ್ಕೊಂದು ತಿರುವು ಕೊಟ್ಟಿದೆ: 1993ರ ಒಂದು ತಿದ್ದುಪಡಿಯಿಂದ ಈಚೆಗೆ ಡಿಸ್ಕ್‌ಗಾಗಿ ಕದಲದೆ ಕಾದಿರುವ ಕೆಲಸಗಳೂ ಎಣಿಕೆಗೆ ಸೇರುತ್ತವೆ. ಹೀಗಾಗಿ ಪ್ರೊಸೆಸರ್ ಖಾಲಿ ಕೂತಿದ್ದರೂ ಲೋಡ್ 30 ಇರಬಹುದು. ಹೊಸಬರು ಇಲ್ಲಿ ಎಡವುತ್ತಾರೆ. ಲೋಡ್ ಜಾಸ್ತಿ ಎಂದು ಇನ್ನಷ್ಟು ಪ್ರೊಸೆಸರ್ ಕೊಳ್ಳುತ್ತಾರೆ, ಕೆಟ್ಟ ಡಿಸ್ಕ್ ಹಾಗೇ ಉಳಿಯುತ್ತದೆ.

ಅದಕ್ಕೇ ಪ್ರೊಸೆಸರ್‌ನ ಸಮಯ ಎಲ್ಲಿ ಹೋಯಿತೆಂದು ಟಾಪ್‌ನ ಮೂರನೆಯ ಸಾಲಿನಲ್ಲಿ ನೋಡಬೇಕು. ಪ್ರೋಗ್ರಾಮುಗಳಿಗೆ ಎಷ್ಟು, ಕರ್ನಲ್‌ಗೆ ಎಷ್ಟು, ಡಿಸ್ಕ್ ಕಾಯುತ್ತಾ ಖಾಲಿ ಕೂತದ್ದು ಎಷ್ಟು ಎಂದು ಪಾಲು ಹಾಕಿಟ್ಟಿರುತ್ತದೆ. ಕೊನೆಯಲ್ಲೊಂದು ‘ಎಸ್‌ಟಿ’ ಅಂಕಿ ಇದೆ. ಸ್ಟೀಲ್, ಅಂದರೆ ಕದ್ದ ಸಮಯ. ಬಾಡಿಗೆಯ ವರ್ಚುವಲ್ ಸರ್ವರ್‌ಗಳಲ್ಲಿ ಒಂದೇ ಯಂತ್ರದ ಮೇಲೆ ಅನೇಕ ಬಿಡಾರಗಳಿರುತ್ತವೆ. ನಮ್ಮ ಸರದಿಗೆ ಬಂದ ಹೊತ್ತನ್ನು ಪಕ್ಕದ ಬಿಡಾರ ತಿಂದರೆ ಅದು ಇಲ್ಲಿ ಕಾಣುತ್ತದೆ. ಈ ಅಂಕಿ ಶೇಕಡಾ 10 ದಾಟಿದರೆ ನಮ್ಮ ಪ್ರೋಗ್ರಾಮನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಬಾಡಿಗೆ ಕೊಟ್ಟವರ ಜತೆ ಮಾತಾಡಬೇಕು.

ಮೆಮೊರಿ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಫ್ರೀ ಆದೇಶ 16 ಜಿಬಿಯಲ್ಲಿ 300 ಎಂಬಿ ಮಾತ್ರ ಖಾಲಿ ಎಂದು ತೋರಿಸುತ್ತದೆ, ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅಂಗಳದಲ್ಲಿ ಸೌತೆಯನ್ನೋ ಜೋಳವನ್ನೋ ಹಾಕಿ ಬೆಳೆ ತೆಗೆಯುವುದು ನಮ್ಮ ಕಡೆ ರೂಢಿ. ನೀರು ಬಂತೆಂದರೆ ಜಾಗ ಕೆರೆಯದೇ. ಲಿನಕ್ಸ್ ಹಾಗೆಯೇ ಬಿಡುವಿರುವ ಮೆಮೊರಿಯಲ್ಲಿ ಡಿಸ್ಕಿನ ಫೈಲ್‌ಗಳ ನಕಲು ಇಟ್ಟುಕೊಳ್ಳುತ್ತದೆ, ಯಾರಾದರೂ ಕೇಳಿದ ಕ್ಷಣ ಬಿಟ್ಟುಕೊಡುತ್ತದೆ. ನೋಡಬೇಕಾದ ಅಂಕಣ ‘ಅವೈಲಬಲ್’. ಕರ್ನಲ್‌ನ 3.14ನೆಯ ಆವೃತ್ತಿಯಿಂದ, ಅಂದರೆ 2014ರಿಂದ, ಈ ಅಂದಾಜನ್ನು ಕರ್ನಲ್ಲೇ ಮಾಡಿ ಕೊಡುತ್ತದೆ. ಅದೂ ಬತ್ತಿ, ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಸ್ವಾಪ್ ಜಾಗದ ಕಡೆಗೆ ಓಡಾಟ ಶುರುವಾದರೆ ಮಾತ್ರ ನಿಜವಾದ ಬರಗಾಲ. ಆಗ ಕರ್ನಲ್ ತನ್ನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರನ್ನು ಕರೆದು ಹೆಚ್ಚು ಮೆಮೊರಿ ತಿನ್ನುವ ಪ್ರೋಗ್ರಾಮೊಂದನ್ನು ಕೊಂದುಹಾಕುತ್ತದೆ. ಸಾಮಾನ್ಯವಾಗಿ ಬಲಿಯಾಗುವುದು ಡೇಟಾಬೇಸ್. ‘ಸರ್ವರ್ ತಾನಾಗಿಯೇ ನಿಂತುಹೋಯ್ತು’ ಎಂಬ ದೂರಿನ ಮೂಲ ಹಲವು ಸಲ ಈ ಕೊಲೆಯನ್ನು ದಾಖಲಿಸಿದ ಕರ್ನಲ್ ಸಂದೇಶದ ಒಂದು ಸಾಲಿನಲ್ಲಿರುತ್ತದೆ. ಡಿಮೆಸೇಜ್ ಆದೇಶ ಅದನ್ನು ತೋರಿಸುತ್ತದೆ.

ಡಿಸ್ಕಿನ ಕಥೆ ಎರಡು ಬಗೆ. ತುಂಬಿಹೋಗುವುದು ಒಂದು, ನಿಧಾನವಾಗುವುದು ಇನ್ನೊಂದು. ತುಂಬಿದ್ದನ್ನು ಡಿಎಫ್ ಹೇಳುತ್ತದೆ, ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂಬುದನ್ನು ಡಿಯು ಹೇಳುತ್ತದೆ. ಎರಡರ ಲೆಕ್ಕ ತಾಳೆಯಾಗದ ಸಂದರ್ಭ ಕುತೂಹಲಕರ. ಯಾರೋ 40 ಜಿಬಿಯ ಲಾಗ್ ಫೈಲನ್ನು ಅಳಿಸಿದ್ದಾರೆ, ಡಿಯು ಜಾಗ ಇದೆ ಎನ್ನುತ್ತದೆ, ಡಿಎಫ್ ಇಲ್ಲ ಎನ್ನುತ್ತದೆ. ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮು ಇನ್ನೂ ತೆರೆದು ಹಿಡಿದುಕೊಂಡಿದ್ದರೆ ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಕ್ಷಣದಲ್ಲಿ 40 ಜಿಬಿ ವಾಪಸು. ಹಿಡಿದವರು ಯಾರೆಂದು ಎಲ್‌ಎಸ್‌ಓಎಫ್ ಹೆಸರು ಹೇಳುತ್ತದೆ. ನಿಧಾನದ ವಿಷಯಕ್ಕೆ ಐಓಸ್ಟ್ಯಾಟ್ ಬೇಕು. ತಿರುಗುವ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಚದುರಿದ ಓದುಗಳನ್ನು ಮಾತ್ರ ತಾಳಬಲ್ಲದು, ಎಸ್‌ಎಸ್‌ಡಿ ಹತ್ತಾರು ಸಾವಿರ. ಐಓಸ್ಟ್ಯಾಟ್‌ನ ‘ಅವೇಟ್’ ಅಂಕಿ ಒಂದು ಓದಿಗೋ ಬರಹಕ್ಕೋ ಸರದಿಯೂ ಸೇರಿ ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಹೇಳುತ್ತದೆ. ವಿಎಂಸ್ಟ್ಯಾಟ್, ಐಓಸ್ಟ್ಯಾಟ್ ಎರಡರಲ್ಲೂ ಮೊದಲ ವರದಿಯನ್ನು ಬಿಟ್ಟುಬಿಡಬೇಕು. ಅದು ಯಂತ್ರ ಶುರುವಾದಂದಿನಿಂದ ಈವರೆಗಿನ ಸರಾಸರಿ, ಈ ಕ್ಷಣದ್ದಲ್ಲ.

ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಇದಕ್ಕೆಲ್ಲ ಒಂದು ಕ್ರಮ ಕೊಟ್ಟರು. ಪ್ರತಿ ಸಂಪನ್ಮೂಲಕ್ಕೂ ಮೂರೇ ಪ್ರಶ್ನೆ: ಎಷ್ಟು ಬಳಕೆಯಲ್ಲಿದೆ, ಬಳಕೆ ಮೀರಿ ಎಷ್ಟು ಕಾದಿದೆ, ದೋಷ ಎಷ್ಟು. ಹಳೆಯ ಕೆರೆ ವ್ಯವಸ್ಥೆಯಲ್ಲಿ ತೂಬು ಎತ್ತಿ ಇಳಿಸುವ ನೀರಗಂಟಿ ಇದನ್ನೇ ನೋಡುತ್ತಿದ್ದ. ನೀರಿನ ಮಟ್ಟ ಎಷ್ಟು, ಕೋಡಿ ಬಿದ್ದಿದೆಯೇ, ಏರಿಯಲ್ಲಿ ಬಿರುಕಿದೆಯೇ. ಮಟ್ಟವನ್ನು ಮಾತ್ರ ನೋಡಿ ಮನೆಗೆ ಹೋದ ನೀರಗಂಟಿಯನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ. 2015ರಲ್ಲಿ, ನೆಟ್‌ಫ್ಲಿಕ್ಸ್‌ನಲ್ಲಿದ್ದಾಗ, ಗ್ರೆಗ್ ತೊಂದರೆಯಲ್ಲಿರುವ ಯಂತ್ರದೊಳಗೆ ಹೊಕ್ಕ ಮೊದಲ 60 ಸೆಕೆಂಡಿನಲ್ಲಿ ಓಡಿಸಬೇಕಾದ ಹತ್ತು ಆದೇಶಗಳ ಪಟ್ಟಿ ಪ್ರಕಟಿಸಿದರು. ಅದು ಅಪ್‌ಟೈಮ್‌ನಿಂದ ಶುರುವಾಗಿ ಟಾಪ್‌ನಲ್ಲಿ ಮುಗಿಯುತ್ತದೆ.

2018ರ ಕೊನೆಯಲ್ಲಿ ಬಂದ ಕರ್ನಲ್ 4.20 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಯುವಿಕೆಯನ್ನೇ ನೇರ ಅಳೆಯುವ ಪಿಎಸ್‌ಐ ಅಂಕಿಗಳನ್ನು ಸೇರಿಸಿತು. ಕಳೆದ 10 ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಕೆಲಸಗಳು ಮೆಮೊರಿಗಾಗಿ ನಿಂತಿದ್ದವು, ಡಿಸ್ಕ್‌ಗಾಗಿ ಎಷ್ಟು, ಪ್ರೊಸೆಸರ್‌ಗಾಗಿ ಎಷ್ಟು ಎಂದು ಬೇರೆ ಬೇರೆ ಹೇಳುತ್ತದೆ. ಲೋಡ್ ಆವರೇಜ್ ಒಂದೇ ಚೀಲದಲ್ಲಿ ಕಟ್ಟಿಟ್ಟದ್ದನ್ನು ಇದು ಮೂರು ಕಡೆ ಸುರಿಯುತ್ತದೆ.

ತಂತಿಯ ಮೇಲೆ

ನೆಟ್‌ವರ್ಕ್‌ನಲ್ಲಿ ಜನ ಕೇಳುವುದು ವೇಗ ಎಷ್ಟು ಎಂದು. ಕೇಳಬೇಕಾದದ್ದು ಎಷ್ಟು ಕಳೆದುಹೋಗುತ್ತಿದೆ ಎಂದು. ಐಪಿ ಆದೇಶ ಪ್ರತಿ ಕಾರ್ಡಿನಲ್ಲಿ ಬಂದ, ಹೋದ, ಕೆಟ್ಟ, ಬಿದ್ದುಹೋದ ಪ್ಯಾಕೆಟ್‌ಗಳ ಎಣಿಕೆ ಕೊಡುತ್ತದೆ. ಹೆಬ್ಬೂರು–ಗೂಳೂರು ಏತ ನೀರಾವರಿಯಂಥ ಯೋಜನೆಯಲ್ಲಿ ಪಂಪ್‌ಹೌಸ್‌ನಲ್ಲಿ ಎತ್ತಿದ ನೀರನ್ನೂ ಕೆರೆಗೆ ಬಿದ್ದ ನೀರನ್ನೂ ಎರಡೂ ಕಡೆ ಅಳೆದರೆ ತಾನೇ ನಡುವೆ ಸೋರಿದ್ದು ಗೊತ್ತಾಗುವುದು. ಇಲ್ಲೂ ಹಾಗೇ, ಒಂದು ತುದಿಯ ಲೆಕ್ಕ ಸಾಲದು.

ಸಣ್ಣ ಕಚೇರಿಗಳಲ್ಲಿ ಪದೇ ಪದೇ ಕಾಣುವ ದೋಷವೊಂದನ್ನು ಹತ್ತಿರದಿಂದ ನೋಡೋಣ. ನಿನ್ನೆವರೆಗೆ ಚೆನ್ನಾಗಿದ್ದ ಸರ್ವರ್‌ನಿಂದ ಇಂದು ಫೈಲ್ ನಕಲಾಗಲು ಹತ್ತು ಪಟ್ಟು ಹೊತ್ತು. ಲೋಡ್ ಇಲ್ಲ, ಮೆಮೊರಿ ಇದೆ, ಡಿಸ್ಕ್ ಆರಾಮ. ಈಥ್‌ಟೂಲ್ ಓಡಿಸಿದರೆ ವೇಗದ ಸಾಲಿನಲ್ಲಿ 1000 ಇರಬೇಕಾದ ಕಡೆ 100 ಎಂದಿದೆ. ಈಥರ್ನೆಟ್ ಕೇಬಲ್ ಒಳಗೆ ಎಂಟು ಎಳೆಗಳು, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಬೀರುವಿನ ಹಿಂದೆ ಇಲಿ ಉಳಿದೆರಡು ಜೋಡಿಗಳಲ್ಲಿ ಒಂದು ಎಳೆ ಕಡಿದಿದ್ದರೂ ಎರಡು ತುದಿಯ ಯಂತ್ರಗಳು ಜಗಳವಾಡದೆ ಕೆಳಗಿನ ವೇಗಕ್ಕೆ ಒಪ್ಪಿಕೊಂಡು ಸುಮ್ಮನಾಗುತ್ತವೆ. ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ.

ತಡದ ಅವಧಿಯೇ ಕೆಲವೊಮ್ಮೆ ರೋಗದ ಹೆಸರು ಹೇಳುತ್ತದೆ. ಸಂಪರ್ಕದ ಮೊದಲ ಪ್ಯಾಕೆಟ್ ಕಳೆದುಹೋದರೆ ಲಿನಕ್ಸ್ ಬಹುಕಾಲದ ರೂಢಿಯಂತೆ 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ, ಆಮೇಲೆ 2, ಆಮೇಲೆ 4. ಆದ್ದರಿಂದ ಪುಟಗಳು ಕರಾರುವಾಕ್ಕಾಗಿ 1, 3 ಅಥವಾ 7 ಸೆಕೆಂಡ್ ತಡವಾಗಿ ತೆರೆಯುತ್ತಿದ್ದರೆ ಪ್ಯಾಕೆಟ್ ನಷ್ಟವನ್ನು ಹುಡುಕಬೇಕು. ತಡ ಸರಿಯಾಗಿ 5 ಸೆಕೆಂಡ್ ಇದ್ದರೆ ಡಿಎನ್‌ಎಸ್ ಕಡೆ ನೋಡಬೇಕು. ಹೆಸರು ಹುಡುಕುವ ವ್ಯವಸ್ಥೆ ಮೊದಲ ಸರ್ವರ್ ಉತ್ತರಿಸದಿದ್ದರೆ ಎರಡನೆಯದನ್ನು ಕೇಳುವ ಮುಂಚೆ ಕಾಯುವ ಹೊತ್ತು ಅದು.

ಯಾರ ಜತೆ ಸಂಪರ್ಕವಿದೆ ಎಂಬುದನ್ನು ಹಿಂದೆ ನೆಟ್‌ಸ್ಟ್ಯಾಟ್ ಹೇಳುತ್ತಿತ್ತು, ಈಗ ಎಸ್‌ಎಸ್ ಹೇಳುತ್ತದೆ. ಬಾಗಿಲಲ್ಲಿ ಕಾದಿರುವವರ ಸರದಿಯೂ ಅದರಲ್ಲೇ ಕಾಣುತ್ತದೆ: ಕಿವಿಗೊಟ್ಟು ಕೂತ ಪೋರ್ಟ್‌ನ ಮುಂದೆ ಎಷ್ಟು ಮಂದಿ ಒಳಗೆ ಕರೆಸಿಕೊಳ್ಳಲು ನಿಂತಿದ್ದಾರೆ, ಆ ಸರದಿಯ ಮಿತಿ ಎಷ್ಟು. ಕರ್ನಲ್‌ನ 5.4ನೆಯ ಆವೃತ್ತಿಯವರೆಗೆ ಈ ಮಿತಿಯ ಸಹಜ ಮೌಲ್ಯ 128 ಇತ್ತು, ಆಗ 4096 ಆಯಿತು. ‘ಕ್ಲೋಸ್ ವೇಟ್’ ಸ್ಥಿತಿಯ ಸಂಪರ್ಕಗಳು ರಾಶಿ ಬಿದ್ದಿದ್ದರೆ ಎದುರಿನವರು ಎದ್ದು ಹೋಗಿದ್ದಾರೆ, ನಮ್ಮ ಪ್ರೋಗ್ರಾಮು ಮಾತ್ರ ಫೋನ್ ಇಡಲು ಮರೆತಿದೆ ಎಂದರ್ಥ; ದೋಷ ನೆಟ್‌ವರ್ಕಿನದಲ್ಲ, ಪ್ರೋಗ್ರಾಮು ಬರೆದವರದು.

ಕೊನೆಯ ಅಸ್ತ್ರ ಟಿಸಿಪಿಡಂಪ್. 1988ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಜೇಕಬ್‌ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕೇನ್ ಬರೆದದ್ದು. ತಂತಿಯ ಮೇಲಿನ ಪ್ರತಿ ಪ್ಯಾಕೆಟ್ಟನ್ನೂ ಹಿಡಿದು ತೋರಿಸುತ್ತದೆ. ಅದನ್ನೇ ಚಿತ್ರವತ್ತಾಗಿ ಬಿಡಿಸುವ ವೈರ್‌ಶಾರ್ಕ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಹುಟ್ಟಿತು. ಇವೆರಡನ್ನೂ ಹಗುರವಾಗಿ ಬಳಸಬಾರದು. ಗೂಢಲಿಪಿಯಿಲ್ಲದ ಸಂಪರ್ಕದಲ್ಲಿ ಹೋಗುವ ಹೆಸರು, ಆಧಾರ್ ಸಂಖ್ಯೆ, ಪಾಸ್‌ವರ್ಡ್ ಎಲ್ಲವೂ ಹಿಡಿದವರ ಕಣ್ಣಿಗೆ ಬೀಳುತ್ತವೆ. ನಿಗಾ ಇಡುವವರ ಮೇಲೂ ನಿಗಾ ಬೇಕಾಗುವುದು ಇಲ್ಲಿ.

ಸರದಿಯ ಲೆಕ್ಕ

ಸರ್ವರ್ ಹದಗೆಡುವುದು ಇಳಿಜಾರಿನಲ್ಲಿ ನಿಧಾನವಾಗಿ ಅಲ್ಲ, ಬಂಡೆಯ ಅಂಚಿನಿಂದ ಬಿದ್ದ ಹಾಗೆ. ಕಾರಣ ಸರದಿಯ ಗಣಿತ. ಸರಳ ಮಾದರಿಯೊಂದರಲ್ಲಿ, ಒಬ್ಬರ ಕೆಲಸಕ್ಕೆ 1 ನಿಮಿಷ ಬೇಕಾದ ಕೌಂಟರ್ ಅರ್ಧ ಹೊತ್ತು ಬಿಜಿ ಇದ್ದರೆ ಬಂದವರು ಹೊರಬೀಳಲು ಸರಾಸರಿ 2 ನಿಮಿಷ. ಶೇಕಡಾ 90 ಬಿಜಿ ಇದ್ದರೆ 10 ನಿಮಿಷ. 95 ಆದರೆ 20. ಐದೇ ಶೇಕಡಾ ಹೆಚ್ಚಿನ ಬಳಕೆಗೆ ಕಾಯುವಿಕೆ ಇಮ್ಮಡಿಯಾಯಿತು. ಪ್ರೊಸೆಸರ್ ಶೇಕಡಾ 95 ಬಳಕೆಯಾಗುತ್ತಿದೆ, ದುಡ್ಡಿಗೆ ಸರಿಯಾದ ಕೆಲಸ ಎಂದು ಬೆನ್ನು ತಟ್ಟಿಕೊಳ್ಳುವವರು ಈ ಲೆಕ್ಕ ನೋಡಿಲ್ಲ.

ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಇದಕ್ಕೆ ಜೋಡಿ. ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗಿರುವ ಹೊತ್ತಿನಿಂದ ಗುಣಿಸಿದರೆ ಒಂದು ಕ್ಷಣದಲ್ಲಿ ಒಳಗಿರುವವರ ಸರಾಸರಿ ಸಂಖ್ಯೆ ಸಿಗುತ್ತದೆ. ಸೆಕೆಂಡಿಗೆ 100 ಕೋರಿಕೆ, ಒಂದಕ್ಕೆ 0.2 ಸೆಕೆಂಡ್; ಒಳಗೆ 20 ಮಂದಿ. ಡೇಟಾಬೇಸ್ ಸುಸ್ತಾಗಿ ಒಂದಕ್ಕೆ 3 ಸೆಕೆಂಡ್ ಹಿಡಿದರೆ ಒಳಗೆ 300. ಅಪಾಚೆ ವೆಬ್ ಸರ್ವರ್‌ನ ಹಳೆಯ ಮಾದರಿಯಲ್ಲಿ ಒಮ್ಮೆಗೆ ಸೇವೆ ಕೊಡುವ ಕೈಗಳ ಸಹಜ ಮಿತಿ 256. ಮಿಕ್ಕವರು ಬಾಗಿಲಲ್ಲಿ. ಹೊರಗಿನಿಂದ ಬರುವ ಜನ ಒಬ್ಬರೂ ಹೆಚ್ಚಾಗಿಲ್ಲ, ಆದರೂ ‘ಸರ್ವರ್ ಬಿಜಿ’.

ಸರಾಸರಿಯನ್ನು ನಂಬಬಾರದೆಂಬುದೂ ಇಲ್ಲಿಯೇ ಹೇಳಬೇಕಾದ ಮಾತು. 100 ಅರ್ಜಿಗಳಲ್ಲಿ 95ಕ್ಕೆ 1 ಸೆಕೆಂಡ್, 5ಕ್ಕೆ 40 ಸೆಕೆಂಡ್ ಹಿಡಿದರೆ ಸರಾಸರಿ 3 ಸೆಕೆಂಡಿಗಿಂತ ಕಡಿಮೆ. ವರದಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. 40 ಸೆಕೆಂಡ್ ಕಾದ ಐವರನ್ನು ಕೇಳಿ ನೋಡಬೇಕು. ಅನುಭವಿಗಳು ಸರಾಸರಿಯ ಜಾಗದಲ್ಲಿ 95ನೆಯ, 99ನೆಯ ಪರ್ಸೆಂಟೈಲ್, ಅಂದರೆ ನೂರರಲ್ಲಿ ಅಷ್ಟು ಅರ್ಜಿಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬ ಅಂಕಿ, ನೋಡುವುದು ಇದಕ್ಕೇ.

ದಾಖಲೆ ಮತ್ತು ಎಚ್ಚರಿಕೆ

ಈವರೆಗಿನ ಸಾಧನಗಳು ಈ ಕ್ಷಣವನ್ನು ತೋರಿಸುತ್ತವೆ. ನಿನ್ನೆ ರಾತ್ರಿ ಎರಡು ಗಂಟೆಗೆ ಏನಾಯಿತೆಂದು ಕೇಳಿದರೆ ದಾಖಲೆ ಬೇಕು. ಸಿಸ್‌ಸ್ಟ್ಯಾಟ್ ಪೊಟ್ಟಣದ ಸಾರ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಎಲ್ಲ ಅಂಕಿಗಳನ್ನು ಬರೆದಿಡುತ್ತದೆ. ಸದ್ದುಗದ್ದಲವಿಲ್ಲದ ಈ ಸಾಧನವನ್ನು ಹೊಸಬರು ಅಳವಡಿಸುವುದೇ ಇಲ್ಲ, ಯಂತ್ರ ಬಿದ್ದ ಮೇಲೆ ಪರಿತಪಿಸುತ್ತಾರೆ. ಅನೇಕ ಯಂತ್ರಗಳನ್ನು ಒಂದೆಡೆಯಿಂದ ನೋಡಲು 1988ರ ಎಸ್‌ಎನ್‌ಎಂಪಿ ಎಂಬ ಸಂವಹನ ನಿಯಮ ದಾರಿ ಮಾಡಿತು; ಟೋಬಿಯಸ್ ಊಟಿಕರ್ 1995ರಲ್ಲಿ ಹೊರತಂದ ಎಂಆರ್‌ಟಿಜಿ ಐದು ನಿಮಿಷಕ್ಕೊಮ್ಮೆ ತಂತಿಯ ದಟ್ಟಣೆಯ ಹಸಿರು ಗುಡ್ಡಗಳನ್ನು ಬಿಡಿಸಿತು. 1999ರಲ್ಲಿ ನೆಟ್‌ಸೇಂಟ್ ಎಂದು ಹುಟ್ಟಿ ಆಮೇಲೆ ನಾಗಿಯೋಸ್ ಆದದ್ದು ‘ಬದುಕಿದೆಯೋ ಸತ್ತಿದೆಯೋ’ ಎಂದು ಸುತ್ತು ಹಾಕಿ ಕೇಳುವ ಗುರ್ಖಾ. 2001ರ ಜಬ್ಬಿಕ್ಸ್ ಅಳತೆಯನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ತಂದಿತು. ಸೌಂಡ್‌ಕ್ಲೌಡ್ ಕಂಪನಿಯಲ್ಲಿ 2012ರಲ್ಲಿ ಶುರುವಾದ ಪ್ರೊಮಿಥಿಯಸ್ ಮತ್ತು 2014ರ ಗ್ರಾಫಾನಾ ಈಗಿನ ಜೋಡೆತ್ತು. ಮೊದಲನೆಯದು ಪ್ರತಿ ಯಂತ್ರದ 9100ನೆಯ ಪೋರ್ಟ್ ತಟ್ಟಿ ಅಂಕಿ ತರುತ್ತದೆ, ಎರಡನೆಯದು ಬಿಡಿಸುತ್ತದೆ.

ದಾಖಲೆ ಈಗ ಕಾನೂನಿನ ವಿಷಯವೂ ಹೌದು. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ–ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು, ಯಂತ್ರಗಳ ಗಡಿಯಾರವನ್ನು ರಾಷ್ಟ್ರೀಯ ಸಮಯದ ಸರ್ವರ್‌ಗಳಿಗೆ ಹೊಂದಿಸಿರಬೇಕು. ಮೂರನೆಯದು ಸಣ್ಣದೆನಿಸಬಹುದು. ವೆಬ್ ಸರ್ವರ್‌ನ ಗಡಿಯಾರ ಡೇಟಾಬೇಸ್‌ನ ಗಡಿಯಾರಕ್ಕಿಂತ ನಾಲ್ಕು ಸೆಕೆಂಡ್ ಮುಂದಿದ್ದರೆ ಲಾಗ್‌ನಲ್ಲಿ ಉತ್ತರ ಪ್ರಶ್ನೆಗಿಂತ ಮೊದಲು ಬಂದಂತೆ ಕಾಣುತ್ತದೆ. ತನಿಖೆ ಅಲ್ಲಿಗೇ ದಿಕ್ಕು ತಪ್ಪುತ್ತದೆ.

ಭಾರತೀಯರ ಪಾಲು

ಈ ವಿದ್ಯೆಯ ಅತಿ ಒಳಗಿನ ಪದರವೊಂದು ಐಬಿಎಂನ ಭಾರತೀಯ ಎಂಜಿನಿಯರುಗಳ ಕೈಯಲ್ಲಿ ರೂಪುಗೊಂಡಿತು ಎಂಬುದು ಕನ್ನಡದಲ್ಲಿ ಹೆಚ್ಚು ಪ್ರಚಾರವಾಗದ ಸಂಗತಿ. ಅದರ ಹೆಸರು ಕೆಪ್ರೋಬ್ಸ್. ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ, ಅದರ ಬಹುತೇಕ ಯಾವುದೇ ಸಾಲಿನ ಮೊದಲಲ್ಲಿ ಒಂದು ಬ್ರೇಕ್‌ಪಾಯಿಂಟ್ ಸೂಚನೆ ಚುಚ್ಚಿ, ಅಲ್ಲಿಗೆ ಬಂದ ಕೆಲಸದ ಲೆಕ್ಕ ಬರೆದುಕೊಂಡು, ತೆಗೆದ ಮೂಲ ಸೂಚನೆಯನ್ನು ಓಡಿಸಿ ಮುಂದಕ್ಕೆ ಬಿಡುವ ಉಪಾಯ ಅದು. ಓಡುವ ಬಸ್ಸಿನ ಚಕ್ರಕ್ಕೆ ಮಾಪಕ ಕಟ್ಟುವಂಥ ಕೆಲಸ. ಕರ್ನಲ್ ಮೂಲಪಾಠದ ತಲೆಬರಹದಲ್ಲಿ 2002ರ ಅಕ್ಟೋಬರ್‌ನಲ್ಲಿ ವಂಶಿ ಕೃಷ್ಣ ಎಸ್. ಮೊದಲ ರೂಪ ಕಟ್ಟಿದರೆಂದೂ, 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಅದನ್ನು ಬೆಳೆಸಿದರೆಂದೂ ಇದೆ. ಅದೇ ವರ್ಷ 2.6.9ನೆಯ ಆವೃತ್ತಿಯಲ್ಲಿ ಕೆಪ್ರೋಬ್ಸ್ ಕರ್ನಲ್ ಸೇರಿತು. ಅದರ ಉಸ್ತುವಾರಿ ಪಟ್ಟಿಯಲ್ಲಿ ಬಹುಕಾಲ ಇದ್ದ ಹೆಸರು ಅನಂತ್ ಎನ್. ಮಾವಿನಕಾಯನಹಳ್ಳಿ. ಜಗತ್ತಿನ ಅಷ್ಟೂ ಲಿನಕ್ಸ್ ಮೂಲಪಾಠದ ಪ್ರತಿಗಳಲ್ಲಿ ಒಂದು ‘ಹಳ್ಳಿ’ ಸೇರಿಕೊಂಡಿದೆ ಎಂದರೆ ಓದುವ ಕನ್ನಡಿಗರಿಗೆ ಸಣ್ಣ ಖುಷಿ. ಬಳಕೆದಾರರ ಪ್ರೋಗ್ರಾಮುಗಳಿಗೂ ಇದೇ ಉಪಾಯ ತಂದ ಯುಪ್ರೋಬ್ಸ್ ಐಬಿಎಂನ ಶ್ರೀಕರ್ ದ್ರೋಣಂರಾಜು ಅವರ ದೀರ್ಘ ಪ್ರಯತ್ನದ ಫಲವಾಗಿ 2012ರಲ್ಲಿ 3.5ನೆಯ ಆವೃತ್ತಿಗೆ ಸೇರಿತು.

ಕೆಲಸವೊಂದು ಪ್ರೊಸೆಸರ್‌ಗೋ ಡಿಸ್ಕ್‌ಗೋ ಎಷ್ಟು ಕಾಯಿತೆಂದು ಎಣಿಸುವ ಡಿಲೇ ಅಕೌಂಟಿಂಗ್ ಕೂಡ ಐಬಿಎಂನ ಶೈಲಭ್ ನಾಗರ್, ಬಲಬೀರ್ ಸಿಂಗ್ ಅವರ ಕೈಯಿಂದ 2006ರಲ್ಲಿ ಬಂತು. ಯಾವ ಪ್ರೋಗ್ರಾಮು ಡಿಸ್ಕನ್ನು ಹಿಂಡುತ್ತಿದೆ ಎಂದು ಹೇಳುವ ಐಓಟಾಪ್ ನಿಂತಿರುವುದು ಇದರ ಮೇಲೆ. 5.14ನೆಯ ಕರ್ನಲ್‌ನಿಂದ ಈ ಎಣಿಕೆ ಸಹಜವಾಗಿ ಆಫ್ ಇರುತ್ತದೆ. ಐಓಟಾಪ್ ಕೆಲವು ಅಂಕಣ ಖಾಲಿ ತೋರಿಸಿದರೆ ಕಂಗಾಲಾಗಬೇಕಿಲ್ಲ, ಆನ್ ಮಾಡಬೇಕು. ಕರ್ನಲ್‌ನೊಳಗೇ ಪುಟ್ಟ ಪ್ರೋಗ್ರಾಮುಗಳನ್ನು ಓಡಿಸುವ, 2014ರಲ್ಲಿ ಬಂದ ಇಬಿಪಿಎಫ್ ತಂತ್ರದ ಮೇಲೆ ಕಟ್ಟಿದ ಇಂದಿನ ಅನೇಕ ಸಾಧನಗಳು ಕರ್ನಲ್‌ನೊಳಗೆ ಇಳಿಯುವುದು ಕೆಪ್ರೋಬ್ಸ್ ಕೊರೆದ ಕಿಂಡಿಗಳಿಂದಲೇ. ಇದೇ ಕಾಲದಲ್ಲಿ, 2001ರಿಂದ 2012ರವರೆಗೆ, ಬೆಂಗಳೂರಿನಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಶುರುವಾಗಿ ‘ಫಾಸ್ ಡಾಟ್ ಇನ್’ ಎಂದು ಹೆಸರಾದ ಸಮ್ಮೇಳನ ನಡೆಯುತ್ತಿತ್ತು. ಅತುಲ್ ಚಿಟ್ನಿಸ್ ಅದರ ಮುಂದಾಳು.

ಜಂಗುಳಿಯೋ ದಾಳಿಯೋ

ದಟ್ಟಣೆ ಏಕಾಏಕಿ ಹತ್ತು ಪಟ್ಟಾದಾಗ ಗ್ರಾಫ್ ನೋಡಿ ಹೇಳಬೇಕಾದ ಮೊದಲ ಮಾತು ಇದು ಜನವೋ ಯಂತ್ರವೋ ಎಂಬುದು. ಕರ್ನಾಟಕ ಎರಡನ್ನೂ ಕಂಡಿದೆ. 2023ರ ಜೂನ್ 18ರಂದು ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ನೋಂದಣಿ, ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತಿತು, ಸರ್ವರ್ ತಿಣುಕಿತು. ಅದು ಜನ. ಜನರ ದಟ್ಟಣೆಗೆ ಒಂದು ಲಯ ಇರುತ್ತದೆ: ಬೆಳಿಗ್ಗೆ ಹತ್ತಕ್ಕೆ ಏರುತ್ತದೆ, ಊಟದ ಹೊತ್ತಿಗೆ ತುಸು ಇಳಿಯುತ್ತದೆ, ರಾತ್ರಿ ಮಲಗುತ್ತದೆ. ಬರುವ ವಿಳಾಸಗಳು ಸಾವಿರಾರು, ಒಬ್ಬೊಬ್ಬರು ತೆರೆಯುವುದು ಬೆರಳೆಣಿಕೆಯ ಪುಟ.

ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಎದುರಿಸಿದ್ದು ಬೇರೆ. ಋಣಭಾರ ಪತ್ರದ ಹುಡುಕಾಟಕ್ಕೆ ಅರ್ಥವಿಲ್ಲದ ಪದಗಳನ್ನು ತುಂಬಿ ತುಂಬಿ ಕಳಿಸಲಾಯಿತು. ಬಹಿರಂಗವಾದ ವಿವರದಂತೆ 62 ಖಾತೆಗಳು, 14 ಐಪಿ ವಿಳಾಸಗಳು, ಒಂದು ಹಂತದಲ್ಲಿ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು. ನೋಂದಣಿ ಕೆಲಸ ಕುಸಿಯಿತು, ಸೈಬರ್ ಅಪರಾಧ ಪೊಲೀಸರಿಗೆ ದೂರು ಹೋಯಿತು.

ಅಂಕಿಯನ್ನು ಬಿಡಿಸಿ ನೋಡಿ. 6.2 ಲಕ್ಷವನ್ನು 7,200 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 86. ತಂತಿಯ ದೃಷ್ಟಿಯಿಂದ ಇದು ಏನೂ ಅಲ್ಲ. ಸಾಧಾರಣ ಲಿನಕ್ಸ್ ಯಂತ್ರವೊಂದು ಸಾದಾ ಪುಟಗಳನ್ನು ಇದರ ಹತ್ತಾರು ಪಟ್ಟು ಬಡಿಸಬಲ್ಲದು. ಬ್ಯಾಂಡ್‌ವಿಡ್ತ್ ಗ್ರಾಫ್ ಮಾತ್ರ ನೋಡುತ್ತ ಕೂತವರ ಕಣ್ಣಿಗೆ ಇಂಥ ದಾಳಿ ಬೀಳುವುದೇ ಇಲ್ಲ. ಆದರೆ ಒಂದೊಂದು ಹುಡುಕಾಟವೂ ಡೇಟಾಬೇಸ್‌ನ ಆಳಕ್ಕೆ ಇಳಿದು 3 ಸೆಕೆಂಡ್ ಹಿಡಿದರೆ, ಲಿಟಲ್ ಸೂತ್ರದಂತೆ ಒಂದು ಕ್ಷಣದಲ್ಲಿ ಒಳಗಿರುವುದು 258. ಮೇಲೆ ಹೇಳಿದ 256 ಕೈಗಳೂ ಮುಗಿದವು. ಇಂಥದ್ದನ್ನು ಹಿಡಿಯುವುದು ಮೂರು ಅಳತೆಗಳು: ಒಂದೊಂದು ಖಾತೆಯಿಂದ ನಿಮಿಷಕ್ಕೆ ಎಷ್ಟು ಕೋರಿಕೆ, ಯಾವ ಒಂದು ಪುಟದ ಮೇಲೆ ಭಾರ ಕುಸಿದಿದೆ, ಡೇಟಾಬೇಸ್ ಒಂದು ಪ್ರಶ್ನೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ. 62 ಖಾತೆಗಳು 2 ಗಂಟೆಯಲ್ಲಿ 6.2 ಲಕ್ಷ ಎಂದರೆ ಖಾತೆಗೆ 10,000. ಎಷ್ಟೇ ಆಸ್ತಿ ಇದ್ದವರೂ ಎರಡು ಗಂಟೆಯಲ್ಲಿ ಹತ್ತು ಸಾವಿರ ಸಲ ಋಣಭಾರ ಹುಡುಕುವುದಿಲ್ಲ.

ಇನ್ನೊಂದು ಕೊರತೆ ಸರ್ವರ್ ಇರುವ ಕೋಣೆಯಿಂದ ಕಾಣುವಂಥದ್ದಲ್ಲ. ದತ್ತಾಂಶ ಕೇಂದ್ರದ ಗೋಡೆಯ ಮೇಲಿನ ಗ್ರಾಫ್‌ಗಳು ಬರುವ ಕೋರಿಕೆಗಳನ್ನು ಎಣಿಸುತ್ತವೆ, ಬರದೇ ಹೋದವನ್ನು ಎಣಿಸಲಾರವು. ಹೋಬಳಿಯಲ್ಲಿ ಕರೆಂಟ್ ಹೋಗಿ ಯುಪಿಎಸ್‌ನ ಬ್ಯಾಟರಿ ಸತ್ತು ರೂಟರ್ ಆರಿದರೆ ಬೆಂಗಳೂರಿನಲ್ಲಿ ಎಲ್ಲ ಹಸಿರು. ಲೋಡ್ ತುಸು ಇಳಿದು ಇನ್ನೂ ಚೆಂದ ಕಾಣುತ್ತದೆ. ಇದಕ್ಕೆ ಇರುವ ಮದ್ದು ಅಗ್ಗದ್ದೇ. ಅಂಗೈಯಗಲದ ಲಿನಕ್ಸ್ ಪೆಟ್ಟಿಗೆಯೊಂದನ್ನು ಕೌಂಟರ್ ಇರುವ ಕಡೆ ಕೂರಿಸಿ, ನಿಮಿಷಕ್ಕೊಮ್ಮೆ ಮೂರು ಕೆಲಸ ಕೊಡುವುದು: ಕಚೇರಿಯ ರೂಟರಿಗೆ ಪಿಂಗ್, ತುಮಕೂರಿನ ಮುಂದಿನ ನಿಲುಗಡೆಗೆ ಪಿಂಗ್, ಆಮೇಲೆ ಅರ್ಜಿಯ ಪುಟವನ್ನು ನಿಜವಾಗಿ ತೆರೆದು ಹೊತ್ತು ಎಣಿಸುವುದು. ಮೊದಲನೆಯದು ಬಿದ್ದರೆ ಎಲೆಕ್ಟ್ರಿಷಿಯನ್, ಎರಡನೆಯದು ಬಿದ್ದರೆ ತಂತಿಯವರು, ಮೂರನೆಯದು ಮಾತ್ರ ಬಿದ್ದರೆ ಸರ್ವರ್ ನೋಡಿಕೊಳ್ಳುವವರು. ಕೌಂಟರ್‌ನಲ್ಲಿ ಕೂತವರು ಅರ್ಜಿದಾರರಿಗೆ ‘ಸರ್ವರ್ ಇಲ್ಲ’ ಎನ್ನುವ ಬದಲು ಲೈನ್ ಹೋಗಿದೆ, ಅರ್ಧ ಗಂಟೆ ಕೂತಿರಿ ಎಂದೋ, ಬೆಂಗಳೂರಿನಲ್ಲೇ ನಿಂತಿದೆ, ನಾಳೆ ಬನ್ನಿ ಎಂದೋ ಹೇಳಬಹುದು.